ಕಳೆನಾಶಕಗಳ ‘ಅರ್ಧಾಯು’: ಒಂದು ಅಂಕಣದ ವಿಮರ್ಶೆ

ಒಂದು ಶಾಸ್ತ್ರದಲ್ಲಿ ಹುಟ್ಟಿದ ಪದವನ್ನು ಇನ್ನೊಂದು ಶಾಸ್ತ್ರವು ಎರವಲಾಗಿ ತರುವುದು ವಿಜ್ಞಾನದ ಬೆಳವಣಿಗೆಯಲ್ಲಿ ಸಹಜವಾದ ಸಂಗತಿ. ಹಾಗೆ ತಂದ ಪದದೊಡನೆ ಅದರ ತವರಿನ ಗುಣಗಳೂ ನಮಗೆ ತಿಳಿಯದಂತೆ ಬಂದು ಸೇರಿಕೊಳ್ಳುತ್ತವೆಂಬುದನ್ನು ಮಾತ್ರ ಎಷ್ಟೋ ವೇಳೆ ಮರೆಯುತ್ತೇವೆ. ‘ಅರ್ಧಾಯು’ ಎಂಬುದು ಅಂತಹ ಒಂದು ಪದ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೂದರ್‌ಫರ್ಡ್ ಮಹಾಶಯನು ವಿಕಿರಣಶೀಲ ಧಾತುಗಳ ಕ್ಷಯವನ್ನು ವಿವರಿಸುತ್ತ ಈ ಕಲ್ಪನೆಯನ್ನು ಬಳಕೆಗೆ ತಂದನು. ರೇಡಿಯಂ ಧಾತುವಿನ ಯಾವುದೇ ಮೊತ್ತವು ಸುಮಾರು 1600 ವರ್ಷಗಳಲ್ಲಿ ಅರ್ಧವಾಗುತ್ತದೆ. ಅದನ್ನು ಹಿಮದಲ್ಲಿ ಹೂತರೂ ಅಷ್ಟೇ, ಕುಲುಮೆಯಲ್ಲಿ ಕಾಯಿಸಿದರೂ ಅಷ್ಟೇ. ಸುತ್ತಣ ಜಗತ್ತು ಅದಕ್ಕೆ ಲೆಕ್ಕವಿಲ್ಲ. ಅಲ್ಲಿ ಅರ್ಧಾಯು ಧಾತುವಿನ ಸ್ವಭಾವ. ಆದಕಾರಣ ಅದನ್ನು ಧಾತುವಿನ ಹೆಸರಿನ ಮುಂದೆ ಒಂದೇ ಅಂಕಿಯಾಗಿ ಬರೆಯುವುದು ನ್ಯಾಯವಾಗಿಯೇ ಇದೆ.

ಇದೇ ಪದವು ಕೃಷಿರಸಾಯನಶಾಸ್ತ್ರಕ್ಕೆ ಬಂದು, ಕಳೆನಾಶಕಗಳ ಗುಣಗಳನ್ನು ಹೇಳುವ ಕೋಷ್ಟಕಗಳಲ್ಲಿ ಒಂದು ಅಂಕಣವಾಗಿ ನೆಲೆನಿಂತಿದೆ. ದ್ರವ್ಯದ ಹೆಸರು, ಅಣುಭಾರ, ನೀರಿನಲ್ಲಿ ಕರಗುವ ಪ್ರಮಾಣ, ಅದರ ಪಕ್ಕದಲ್ಲಿ ‘ಮಣ್ಣಿನಲ್ಲಿ ಅರ್ಧಾಯು’. 2,4-ಡಿಗೆ 10 ದಿನ, ಕ್ಲೋರ್‌ಸಲ್ಫ್ಯೂರಾನಿಗೆ 40, ಗ್ಲೈಫೊಸೇಟಿಗೆ 47, ಅಟ್ರಜಿನ್ನಿಗೆ 60, ಇಮಾಜೆಥಪಿರಿಗೆ 90, ಪ್ಯಾರಾಕ್ವಾಟಿಗೆ 1000. ಅಣುಭಾರವು ದ್ರವ್ಯದ ಗುಣವಾಗಿರುವಂತೆಯೇ ಅರ್ಧಾಯುವೂ ದ್ರವ್ಯದ ಗುಣವೆಂದು ಓದುವವನು ತಿಳಿದರೆ ಅದು ಅವನ ತಪ್ಪಲ್ಲ. ಕೋಷ್ಟಕದ ರಚನೆಯೇ ಅವನಿಗೆ ಹಾಗೆ ಹೇಳಿಕೊಡುತ್ತದೆ. ಕೆಲವು ವರ್ಷಗಳ ಹಿಂದೆ ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ಪಾಲುಗೊಂಡಿದ್ದಾಗ, ಅಟ್ರಜಿನ್ನಿನ ಅರ್ಧಾಯುವೆಷ್ಟೆಂಬ ಪ್ರಶ್ನೆಗೆ “ಅದು ಮಣ್ಣನ್ನು ಅವಲಂಬಿಸಿದೆ” ಎಂದಷ್ಟೇ ಬರೆದಿದ್ದ ವಿದ್ಯಾರ್ಥಿಯೊಬ್ಬನಿಗೆ, ಮಾದರಿ ಉತ್ತರದಲ್ಲಿ 60 ಎಂದಿದ್ದ ಕಾರಣ, ಅಂಕ ಕೊಡಲಾಗಲಿಲ್ಲ. ಅಂಕ ಕೊಡದವರಲ್ಲಿ ಈ ಲೇಖಕನೂ ಒಬ್ಬ. ಆ ವಿದ್ಯಾರ್ಥಿ ಬರೆದುದೇ ಸರಿಯೆಂದು ಈಗ ಹೇಳಬೇಕಾಗಿದೆ. ಏಕೆ ಸರಿಯೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅಂಕಿಗಳ ಮೂಲವನ್ನು ನೋಡಬೇಕು. ಮೇಲೆ ಕೊಟ್ಟ ಸಂಖ್ಯೆಗಳು ಬಹುಮಟ್ಟಿಗೆ 1992ರಲ್ಲಿ ವಾಚೋಪ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ಪ್ರಕಟಿಸಿದ ಒಂದು ದೊಡ್ಡ ಸಂಕಲನದಿಂದ ಇಳಿದು ಬಂದವು. ಅಲ್ಲಿಯವರೆಗೆ ಚದರಿಹೋಗಿದ್ದ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಂದೆಡೆ ತಂದು, ಪ್ರತಿಯೊಂದು ದ್ರವ್ಯಕ್ಕೂ ಅವರು ಒಂದು ಸಂಖ್ಯೆಯನ್ನು ಆಯ್ದುಕೊಟ್ಟರು. ಅದು ಸಾಮಾನ್ಯವಾದ ಶ್ರಮವಲ್ಲ. ಅವರ ಉದ್ದೇಶವೂ ಸ್ಪಷ್ಟವಾಗಿತ್ತು: ಯಾವ ಪೀಡೆನಾಶಕವು ಅಂತರ್ಜಲಕ್ಕೆ ಇಳಿಯುವ ಸಂಭವ ಹೆಚ್ಚು, ಯಾವುದರದು ಕಡಮೆ ಎಂದು ಸ್ಥೂಲವಾಗಿ ಹೋಲಿಸುವವರಿಗೂ, ಗಣಿತದ ಮಾದರಿಗಳನ್ನು ಕಟ್ಟುವವರಿಗೂ ಏನಾದರೊಂದು ಸಂಖ್ಯೆ ಬೇಕಾಗಿತ್ತು. ತಾವು ಕೊಟ್ಟಿದ್ದು ‘ಆಯ್ದ ಮೌಲ್ಯ’ವೆಂದೇ ಅವರು ಕರೆದರು. ಆ ವಿಶೇಷಣವು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವಾಗ ಉದುರಿಹೋಯಿತು. ಅಂಕಿ ಮಾತ್ರ ಉಳಿಯಿತು. ಆದುದರಿಂದ ನಮ್ಮ ಆಕ್ಷೇಪಣೆ ಸಂಕಲನಕಾರರ ಮೇಲಲ್ಲ, ಅವರಿಂದ ಪ್ರತಿಮಾಡಿಕೊಂಡವರ ಮೇಲೆ, ಎಂದರೆ ನಮ್ಮಂತಹ ಉಪಾಧ್ಯಾಯರ ಮೇಲೆ.

ಒಂದು ಕಳೆನಾಶಕವು ಮಣ್ಣಿನಲ್ಲಿ ನಾಶವಾಗುವುದು ತನ್ನಷ್ಟಕ್ಕೆ ತಾನು ಅಲ್ಲ. ನೀರು ಅದನ್ನು ಒಡೆಯಬೇಕು, ಇಲ್ಲವೆ ಸೂಕ್ಷ್ಮಜೀವಿಗಳು ಅದನ್ನು ತಿನ್ನಬೇಕು, ಇಲ್ಲವೆ ಬಿಸಿಲು ಅದನ್ನು ಕೆಡಿಸಬೇಕು. ಈ ಮೂರಕ್ಕೂ ಅದು ಒದಗುವುದೋ ಇಲ್ಲವೋ ಎಂಬುದನ್ನು ಮಣ್ಣಿನ ಜೇಡಿ ಮತ್ತು ಸೇಂದ್ರಿಯ ಪದಾರ್ಥಗಳು ಅದನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂಬುದು ನಿರ್ಧರಿಸುತ್ತದೆ. ಹೀಗೆ ದ್ರವ್ಯದ ರಚನೆ ಒಂದು ಕಡೆ, ಮಣ್ಣಿನ ರಚನೆ ಇನ್ನೊಂದು ಕಡೆ. ಬಾಳಿಕೆಯೆಂಬುದು ಇವೆರಡರ ಸಮಾಗಮದಲ್ಲಿ ಹುಟ್ಟುವ ಗುಣ. ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸತಕ್ಕದ್ದು ಕ್ಲೋರ್‌ಸಲ್ಫ್ಯೂರಾನ್ ಮತ್ತು ಇಮಾಜೆಥಪಿರ್‌ಗಳ ಜೋಡಿ.

ಕ್ಲೋರ್‌ಸಲ್ಫ್ಯೂರಾನ್ ಸಲ್ಫೊನೈಲ್ ಯೂರಿಯಾ ಕುಟುಂಬಕ್ಕೆ ಸೇರಿದ್ದು. ಡ್ಯೂಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಜಾರ್ಜ್ ಲೆವಿಟ್ ಅವರು 1970ರ ದಶಕದಲ್ಲಿ ಕಂಡುಹಿಡಿದ ಈ ಕುಟುಂಬದ ವೈಶಿಷ್ಟ್ಯವೆಂದರೆ, ಹೆಕ್ಟೇರಿಗೆ ಕಿಲೋಗ್ರಾಂ ಲೆಕ್ಕದಲ್ಲಿ ಸುರಿಯುತ್ತಿದ್ದ ಕಡೆ ಗ್ರಾಂ ಲೆಕ್ಕದಲ್ಲಿ ಹಾಕಿದರೂ ಸಾಕಾಗುವುದು. ಇದೊಂದು ದುರ್ಬಲ ಆಮ್ಲ. ಆಮ್ಲೀಯವಾದ ಮಣ್ಣಿನಲ್ಲಿ ಇದರ ಅಣುಗಳಲ್ಲಿ ಗಮನಾರ್ಹವಾದ ಪಾಲು ವಿದ್ಯುದಂಶವಿಲ್ಲದ ತಟಸ್ಥರೂಪದಲ್ಲಿರುತ್ತದೆ. ಆ ರೂಪವನ್ನು ನೀರು ಬೇಗ ಒಡೆಯುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಹೆಚ್ಚುಕಡಮೆ ಎಲ್ಲ ಅಣುಗಳೂ ಋಣ ಅಯಾನುಗಳಾಗಿ ಬಿಡುತ್ತವೆ; ಅವುಗಳ ಮೇಲೆ ನೀರಿನ ಆಟ ನಡೆಯುವುದಿಲ್ಲ. ಆಗ ಉಳಿದ ದಾರಿ ಸೂಕ್ಷ್ಮಜೀವಿಗಳದು ಒಂದೇ, ಅದು ನಿಧಾನವಾದದ್ದು. ಅಮೆರಿಕ ಮತ್ತು ಕೆನಡಗಳ ಕ್ಷಾರೀಯ ಗೋಧಿನೆಲಗಳಲ್ಲಿ ಈ ಮದ್ದನ್ನು ಹೊಡೆದ ಮರುವರ್ಷವಷ್ಟೇ ಅಲ್ಲ, ಅದಕ್ಕೂ ಮುಂದಕ್ಕೆ ಚನ್ನಂಗಿ, ಸಕ್ಕರೆ ಬೀಟ್ ಮೊದಲಾದ ಸೂಕ್ಷ್ಮಬೆಳೆಗಳು ನಷ್ಟಕ್ಕೀಡಾದುದು ಈ ಕಾರಣದಿಂದಲೇ. ಇದರ ಸೋದರವಾದ ಮೆಟ್‌ಸಲ್ಫ್ಯೂರಾನ್ ಮೀಥೈಲ್ ನಮ್ಮ ದೇಶದಲ್ಲಿ ಗೋಧಿ ಬತ್ತಗಳ ಬೇಸಾಯದಲ್ಲಿ ಬಳಕೆಯಲ್ಲಿರುವುದರಿಂದ ಈ ಮಾತು ದೂರದ ದೇಶದ ಸುದ್ದಿಯಷ್ಟೇ ಅಲ್ಲ.

ಇಮಾಜೆಥಪಿರ್ ಕೂಡ ಆಮ್ಲಗುಣವುಳ್ಳ ದ್ರವ್ಯವೇ. ಆದರೆ ನೀರು ಇದನ್ನು ಸುಲಭವಾಗಿ ಒಡೆಯಲಾರದು. ಇದರ ನಾಶ ಮುಖ್ಯವಾಗಿ ಸೂಕ್ಷ್ಮಜೀವಿಗಳ ಕೆಲಸ. ಮಣ್ಣು ಆಮ್ಲೀಯವಾದಷ್ಟೂ ಸೇಂದ್ರಿಯ ಪದಾರ್ಥವೂ ಕಬ್ಬಿಣದ ಆಕ್ಸೈಡುಗಳೂ ಇದನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಿಡಿದಿಟ್ಟುದು ಸೂಕ್ಷ್ಮಜೀವಿಯ ಬಾಯಿಗೆ ಎಟಕುವುದಿಲ್ಲ. ಆದಕಾರಣ ಇದರ ಬಾಳಿಕೆ ಆಮ್ಲೀಯ ಮಣ್ಣಿನಲ್ಲಿಯೇ ಹೆಚ್ಚು. ಅಂತಹ ಮಣ್ಣಿಗೆ ಸುಣ್ಣ ಹಾಕಿ ಆಮ್ಲತೆಯನ್ನು ತಗ್ಗಿಸಿದರೆ, ಬಿಗಿಹಿಡಿದಿದ್ದ ಮದ್ದು ಸಡಿಲವಾಗಿ ಮತ್ತೆ ಮಣ್ಣಿನ ನೀರಿಗೆ ಬರಲು ತೊಡಗುತ್ತದೆ.

ಈಗ ಎರಡನ್ನೂ ಒಂದು ಊಹೆಯ ಪಯಣದಲ್ಲಿ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಿಂದ ವಿಜಯಪುರದ ಎರೆಮಣ್ಣಿಗೆ ಕೊಂಡೊಯ್ಯೋಣ. ಮೊದಲನೆಯದರ ಪಿ.ಎಚ್. ಅಂಕ ಸಾಮಾನ್ಯವಾಗಿ 5ರ ಆಸುಪಾಸು. ಎರಡನೆಯದು ಸುಣ್ಣದ ಹರಳುಗಳಿಂದ ಕೂಡಿ 8ನ್ನು ದಾಟಿರುತ್ತದೆ. ದಾರಿಯುದ್ದಕ್ಕೂ ಕ್ಲೋರ್‌ಸಲ್ಫ್ಯೂರಾನಿನ ಆಯುಸ್ಸು ಬೆಳೆಯುತ್ತ ಹೋಗುತ್ತದೆ. ಇಮಾಜೆಥಪಿರಿನದು, ಉಳಿದೆಲ್ಲ ಸಮವಾಗಿದ್ದರೆ, ಕುಗ್ಗುತ್ತ ಬರುತ್ತದೆ. ಕೋಷ್ಟಕವಾದರೋ ಒಂದಕ್ಕೆ 40, ಇನ್ನೊಂದಕ್ಕೆ 90 ಎಂದು ಬರೆದು ಸುಮ್ಮನಿರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಕಾಲ ಬಾಳುವುದೆಂಬ ಅತಿ ಸರಳವಾದ ಪ್ರಶ್ನೆಗೂ ಮಣ್ಣಿನ ಹೆಸರು ಹೇಳದೆ ಉತ್ತರ ಕೊಡುವಂತಿಲ್ಲ.

ಇದರಲ್ಲಿ ಪಣಕ್ಕಿರುವುದು ರೈತನ ಮುಂದಿನ ಬೆಳೆ. ಬೀದರದ ಕಡೆ ಮುಂಗಾರಿನಲ್ಲಿ ಸೋಯಾ ಅವರೆ ಬಿತ್ತಿ, ಬಿತ್ತಿದ ಎರಡು ಮೂರು ವಾರಗಳಿಗೆ ಹೆಕ್ಟೇರಿಗೆ 100 ಗ್ರಾಂ ಇಮಾಜೆಥಪಿರ್ ಸಿಂಪಡಿಸಿದ ಹೊಲವೊಂದನ್ನು ಭಾವಿಸೋಣ. ಕೊಯ್ಲಾಗಿ ಹಿಂಗಾರಿಗೆ ಕಡಲೆಯನ್ನೋ ಜೋಳವನ್ನೋ ಬಿತ್ತುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ಪಟ್ಟಿಯನ್ನು ನಂಬಿದರೆ 50 ಗ್ರಾಂ ಇನ್ನೂ ನೆಲದಲ್ಲಿರಬೇಕು, ಜೋಳ ಏಳಬಾರದು. ಅಮೆರಿಕದಲ್ಲಿ ಈ ಮದ್ದಿನ ಸೂಚನಾಪತ್ರವು ಜೋಳ ಬಿತ್ತಲು 18 ತಿಂಗಳು, ಸಕ್ಕರೆ ಬೀಟ್ ಬಿತ್ತಲು 40 ತಿಂಗಳು ಕಾಯಬೇಕೆಂದು ವಿಧಿಸುತ್ತದೆ. ಅದು ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ದೇಶಕ್ಕೆ ಹೇಳಿದ ಮಾತು. ಬೆಚ್ಚಗಿನ, ಮಳೆಗಾಲದಲ್ಲಿ ಒದ್ದೆಯಾಗಿರುವ, ಕ್ಷಾರೀಯವಾದ ಎರೆನೆಲದಲ್ಲಿ ಅದು ಅದಕ್ಕಿಂತ ಎಷ್ಟೋ ಬೇಗ ಹೋಗಬೇಕೆಂದು ರಸಾಯನಶಾಸ್ತ್ರ ಹೇಳುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಹಾಗಾಗದೆಯೂ ಹೋಗಬಹುದೆಂದು ಅದೇ ಶಾಸ್ತ್ರ ಎಚ್ಚರಿಸುತ್ತದೆ. ರೈತನು ಕೇಳುವುದು ತನ್ನ ಹೊಲದ ಮಾತನ್ನು. 90 ಎಂಬ ಅಂಕಿಗೂ ಆ ಹೊಲಕ್ಕೂ ಯಾವ ಸಂಬಂಧವೂ ಇಲ್ಲ.

ಪ್ಯಾರಾಕ್ವಾಟಿನ ವಿಷಯ ಇನ್ನೂ ವಿಚಿತ್ರವಾದುದು. ಬ್ರಿಟನ್ನಿನಲ್ಲಿ 1962ರಲ್ಲಿ ಮಾರುಕಟ್ಟೆಗೆ ಬಂದ ಈ ದ್ರವ್ಯವು ಧನ ಅಯಾನು. ಜೇಡಿಯ ಮೇಲ್ಮೈ ಋಣಾವಿಷ್ಟವಾದದ್ದು. ಮಣ್ಣು ಮುಟ್ಟಿದ ಕೂಡಲೇ ಪ್ಯಾರಾಕ್ವಾಟ್ ಜೇಡಿಗೆ ಅಂಟಿಕೊಳ್ಳುತ್ತದೆ. ಎರೆಮಣ್ಣಿನ ಮಾಂಟ್‌ಮೊರಿಲೊನೈಟಿನಲ್ಲಿಯಾದರೆ ಪದರ ಪದರಗಳ ನಡುವೆ ನುಗ್ಗಿ ಕುಳಿತು ಬಿಡುತ್ತದೆ. ಕೆಂಪುಮಣ್ಣಿನ ಕೇಯೊಲಿನೈಟಿಗೆ ಅಂತಹ ಒಳಕೋಣೆಗಳಿಲ್ಲವಾಗಿ ಅದರ ಹಿಡಿತ ಅಷ್ಟು ಬಿಗಿಯಲ್ಲ. ಹಾಗೆ ಸಿಕ್ಕಿಕೊಂಡ ಪ್ಯಾರಾಕ್ವಾಟ್ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಆದರೆ ಸಿಂಪಡಿಸಿದ ಮರುದಿನ ಅದೇ ನೆಲದಲ್ಲಿ ಬೀಜ ಬಿತ್ತಿದರೂ ಮೊಳಕೆಗೆ ಅಪಾಯವಿಲ್ಲ. ರಸಾಯನಜ್ಞನ ದೃಷ್ಟಿಯಲ್ಲಿ ಇದಕ್ಕಿಂತ ಬಾಳಿಕೆಯ ಕಳೆನಾಶಕ ಮತ್ತೊಂದಿಲ್ಲ, ಸಸ್ಯದ ದೃಷ್ಟಿಯಲ್ಲಿ ಇದಕ್ಕಿಂತ ಅಲ್ಪಾಯುವಾದದ್ದೂ ಮತ್ತೊಂದಿಲ್ಲ. ಪಟ್ಟಿಯ 1000 ದಿನಗಳೆಂಬ ಗುಂಡಾದ ಸಂಖ್ಯೆ ಅಳೆದು ಪಡೆದ ಅಂಕಿಯಂತೆ ನಮಗೆ ತೋರುವುದಿಲ್ಲ. ‘ಬಹುಕಾಲ’ ಎಂಬ ಮಾತನ್ನು ಅಂಕಿಯಲ್ಲಿ ಬರೆದಂತಿದೆ. (ಕುಡಿದವನ ಮಟ್ಟಿಗೆ ಇದು ಮದ್ದೇ ಇಲ್ಲದ ವಿಷವೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸರಿಯಲ್ಲ, ಮಣ್ಣಿನಲ್ಲಿ ನಿರಪಾಯವಾದುದು ಮನೆಯ ಮೂಲೆಯಲ್ಲಿ ನಿರಪಾಯವಲ್ಲ.) ಗ್ಲೈಫೊಸೇಟಿನ ಕಥೆಯೂ ಸ್ವಲ್ಪಮಟ್ಟಿಗೆ ಇದನ್ನೇ ಹೋಲುತ್ತದೆ. ಅದನ್ನು ಹಿಡಿಯುವುದು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ರಂಜಕದ ಗೊಬ್ಬರವು ಅದೇ ಜಾಗಕ್ಕೆ ಪೈಪೋಟಿ ಹೂಡುತ್ತದೆ.

ಇಷ್ಟಾದರೂ ಒಬ್ಬನು ಹೀಗೆ ವಾದಿಸಬಹುದು: ಮಣ್ಣಿನ ಜಾತಿಗೊಂದರಂತೆ ನಾಲ್ಕಾರು ಅಂಕಿಗಳನ್ನು ಕೊಟ್ಟರೆ ಸಾಲದೆ? ಎರೆಗೆ ಒಂದು, ಕೆಂಪಿಗೆ ಒಂದು, ಜಂಬಿಟ್ಟಿಗೆಗೆ ಒಂದು? ಸಾಲದು. ಏಕೆಂದರೆ ಮಣ್ಣಿಗೆ ಜಾತಿಯಷ್ಟೇ ಅಲ್ಲದೆ ಚರಿತ್ರೆಯೂ ಉಂಟು.

ಲಂಡನ್ನಿನ ಆಡಸ್ ಎಂಬ ಸಸ್ಯಶಾಸ್ತ್ರಜ್ಞನು 1949ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಗಾಜಿನ ಕೊಳವೆಯಲ್ಲಿ ಮಣ್ಣನ್ನು ತುಂಬಿ, 2,4-ಡಿಯ ದ್ರಾವಣವನ್ನು ಅದರ ಮೂಲಕ ಮತ್ತೆ ಮತ್ತೆ ಹಾಯಿಸುತ್ತ, ದ್ರಾವಣದಲ್ಲಿ ಎಷ್ಟು ವಿಷ ಉಳಿದಿದೆಯೆಂಬುದನ್ನು ಆತನು ಪರೀಕ್ಷಿಸುತ್ತ ಹೋದನು. ಮೊದಮೊದಲು ಹೇಳಿಕೊಳ್ಳುವಂತಹ ಬದಲಾವಣೆಯೇನೂ ಕಾಣಲಿಲ್ಲ. ಕೆಲವು ದಿನಗಳು ಹೀಗೆ ಕಳೆದ ಮೇಲೆ ಮದ್ದು ತಟ್ಟನೆ ಕರಗಿ ಮಾಯವಾಗತೊಡಗಿತು. ಮುಖ್ಯವಾದ ಸಂಗತಿ ಇನ್ನು ಮುಂದಿನದು: ಅದೇ ಮಣ್ಣಿಗೆ ಎರಡನೆಯ ಬಾರಿ 2,4-ಡಿಯನ್ನು ಕೊಟ್ಟಾಗ ಆ ಮೊದಲಿನ ತಡವೇ ಇಲ್ಲವಾಗಿತ್ತು. ಮೊದಲನೆಯ ಸಲ ಮಣ್ಣಿನ ಅಣುಜೀವಿಗಳಲ್ಲಿ ಕೆಲವು ಈ ಹೊಸ ಆಹಾರವನ್ನು ತಿನ್ನಲು ಕಲಿತು, ಸಂಖ್ಯೆಯಲ್ಲಿ ಬೆಳೆದಿದ್ದವು. ಮಣ್ಣಿಗೆ ನೆನಪಿದೆಯೆಂದು ಹೇಳಿದರೆ ಅದು ಬರಿಯ ಅಲಂಕಾರವಾಗಲಾರದು. ಆ ನೆನಪು ಎಲ್ಲಿ ಬರೆದಿದೆಯೆಂಬುದೂ ಆಮೇಲೆ ಗೊತ್ತಾಯಿತು. 2,4-ಡಿಯನ್ನು ಒಡೆಯುವ ಜೀನುಗಳನ್ನು ಹೊತ್ತು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್ಡುಗಳನ್ನು 1980ರ ದಶಕದ ಮೊದಲಲ್ಲಿ ವಿವರಿಸಲಾಯಿತು.

ಅಟ್ರಜಿನ್ನಿನ ವಿಷಯದಲ್ಲಿ ಈ ಕಲಿಕೆ ನಮ್ಮ ಕಣ್ಣಮುಂದೆಯೇ ನಡೆದಿದೆ. 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಈ ದ್ರವ್ಯವನ್ನು ಬಹುಕಾಲ ಸೂಕ್ಷ್ಮಜೀವಿಗಳು ಅಷ್ಟಾಗಿ ಮುಟ್ಟಲಾರವೆಂದೇ ನಂಬಿದ್ದರು. ಆಮ್ಲೀಯ ಮಣ್ಣಿನಲ್ಲಿ ನಡೆಯುವ ಜಲವಿಭಜನೆಯೇ ಅದರ ನಾಶದ ಮುಖ್ಯ ದಾರಿಯಾಗಿತ್ತು. 1995ರಲ್ಲಿ ಮ್ಯಾಂಡಲ್‌ಬಾಮ್ ಮತ್ತು ಸಂಗಡಿಗರು ಅಟ್ರಜಿನ್ನನ್ನು ಪೂರ್ತಿಯಾಗಿ ಜೀರ್ಣಿಸಬಲ್ಲ ಒಂದು ಸ್ಯೂಡೊಮೊನಾಸ್ ಬ್ಯಾಕ್ಟೀರಿಯವನ್ನು ವಿವರಿಸಿದರು. ಅನಂತರ, ವರ್ಷವರ್ಷವೂ ಅಟ್ರಜಿನ್ ಬಿದ್ದ ಮೆಕ್ಕೆಜೋಳದ ಹೊಲಗಳಲ್ಲಿ ಅದರ ಅರ್ಧಾಯು ಹತ್ತು ದಿನಗಳಿಗೂ ಕಡಮೆಯಾಗಿರುವುದು ಹಲವೆಡೆ ಕಂಡುಬಂದಿದೆ. ಅಂತಹ ಹೊಲದ ಬೇಲಿಯಾಚೆ, ಅಟ್ರಜಿನ್ ಎಂದೂ ಬೀಳದ, ಅದೇ ಜಾತಿಯ ಮಣ್ಣಿನಲ್ಲಿ ಹಳೆಯ ಅಂಕಿಯೇ ನಡೆಯುತ್ತಿರಬಹುದು. ಆದಕಾರಣ 1992ರಲ್ಲಿ ಆಯ್ದ 60 ಎಂಬ ಸಂಖ್ಯೆ ಒಂದು ಕಾಲದ ಮಾತೂ ಹೌದು. ರೇಡಿಯಂನ ಅರ್ಧಾಯು ಬಳಕೆಯಿಂದ ಬದಲಾಗುವುದಿಲ್ಲ, ಅಟ್ರಜಿನ್ನಿನದು ಬದಲಾಗಿದೆ. ನಮ್ಮ ಹಾವೇರಿ ದಾವಣಗೆರೆಗಳ ಮೆಕ್ಕೆಜೋಳದ ಸೀಮೆಯಲ್ಲಿ ವರ್ಷಾನುವರ್ಷ ಇದನ್ನು ಸಿಂಪಡಿಸಿದ ನೆಲವನ್ನು ಪರೀಕ್ಷಿಸುವವರು ಈ ಮಾತನ್ನು ಮೊದಲು ನೆನಪಿನಲ್ಲಿಡಬೇಕು.

ಒಂದೇ ಹೊಲದೊಳಗೂ ಒಂದೇ ಅಂಕಿ ನಡೆಯುವುದಿಲ್ಲವೆಂಬುದಕ್ಕೆ ಇಂಗ್ಲೆಂಡಿನ ವೆಲ್ಸ್‌ಬೋರ್ನಿನಲ್ಲಿ ವಾಕರ್ ಮತ್ತು ಸಹೋದ್ಯೋಗಿಗಳು ನಡೆಸಿದ ಕೆಲಸವೇ ಸಾಕ್ಷಿ. ಒಂದು ಹೊಲವನ್ನು ಚೌಕಗಳಾಗಿ ಗುರುತಿಸಿ ತೆಗೆದ ಮಣ್ಣಿನ ಮಾದರಿಗಳಲ್ಲಿ, ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕದ ಅರ್ಧಭಾಗ ನಾಶವಾಗಲು ಒಂದು ವಾರಕ್ಕೂ ಕಡಮೆಯಿಂದ ತೊಡಗಿ ಸುಮಾರು ಒಂದು ತಿಂಗಳವರೆಗೆ ಕಾಲ ಹಿಡಿಯಿತು. ಹೊಲದ ಕೆಲವೆಡೆ ಪಿ.ಎಚ್. ಹೆಚ್ಚಾಗಿದ್ದು, ಆ ಮದ್ದನ್ನು ತಿನ್ನಬಲ್ಲ ಸ್ಫಿಂಗೊಮೊನಾಸ್ ಜಾತಿಯ ಬ್ಯಾಕ್ಟೀರಿಯ ಅಲ್ಲಿ ಚೆನ್ನಾಗಿ ಬೆಳೆಯುತ್ತಿದ್ದುದೇ ಅದಕ್ಕೆ ಕಾರಣವೆಂದು ಮುಂದೆ ತಿಳಿಯಿತು.

ಇನ್ನು ಅರ್ಧಾಯುವಿನ ಹಿಂದಿರುವ ಗಣಿತದ ಕಡೆ ತಿರುಗೋಣ. ಅರ್ಧವಾಗಲು ಹಿಡಿದಷ್ಟೇ ಕಾಲದಲ್ಲಿ ಉಳಿದುದರ ಅರ್ಧವೂ, ಮತ್ತೆ ಅಷ್ಟೇ ಕಾಲದಲ್ಲಿ ಅದರ ಅರ್ಧವೂ ಹೋಗುತ್ತದೆಂಬುದು ಈ ಪದದ ಗರ್ಭದಲ್ಲಿರುವ ಭರವಸೆ. ಒಂದು ಕಿಲೋಗ್ರಾಂ ಅಟ್ರಜಿನ್ನಿನಲ್ಲಿ ಸುಮಾರು 2.8ರ ಮುಂದೆ ಹತ್ತರ 24ನೆಯ ಘಾತದಷ್ಟು ಅಣುಗಳಿರುತ್ತವೆ. ಎಂಬತ್ತೊಂದು ಬಾರಿ ಅರ್ಧಿಸಿದರೆ ಉಳಿಯುವುದು ಒಂದೇ ಅಣು. ಅರ್ಧಾಯು 60 ದಿನವಾದರೆ ಇದಕ್ಕೆ ಹಿಡಿಯುವ ಕಾಲ ಹದಿಮೂರು ವರ್ಷ ಚಿಲ್ಲರೆ. ಅಲ್ಲಿಂದ ಮುಂದೆ ಹೆಕ್ಟೇರಿನಷ್ಟು ನೆಲವನ್ನೆಲ್ಲ ಜರಡಿ ಹಿಡಿದರೂ ಒಂದು ಅಣುವೂ ಸಿಕ್ಕಬಾರದು. ಆದರೆ ಜರ್ಮನಿಯ ಯೂಲಿಷ್‌ನಲ್ಲಿ ವಿಕಿರಣಶೀಲ ಇಂಗಾಲದಿಂದ ಗುರುತುಮಾಡಿದ ಅಟ್ರಜಿನ್ನನ್ನು ಹಾಕಿ, ಬಯಲಿನಲ್ಲಿಯೇ ಬಿಟ್ಟಿದ್ದ ಮಣ್ಣಿನ ಕಂಬವನ್ನು 22 ವರ್ಷಗಳ ಅನಂತರ ಪರೀಕ್ಷಿಸಿದಾಗ, ಹಾಕಿದ ವಿಕಿರಣಶೀಲ ಇಂಗಾಲದಲ್ಲಿ ಸುಮಾರು ಕಾಲುಭಾಗ ಮಣ್ಣಿನಲ್ಲಿಯೇ ಉಳಿದಿತ್ತೆಂದು 2009ರಲ್ಲಿ ವರದಿಯಾಯಿತು. ಅದರಲ್ಲಿ ಮೂಲ ಅಟ್ರಜಿನ್ ಅತ್ಯಲ್ಪವೇ ಆದರೂ ಇತ್ತೆಂಬುದು ನಿಶ್ಚಯ. ಅದಕ್ಕಿಂತ ಹೆಚ್ಚಾಗಿದ್ದುದು ಹೈಡ್ರಾಕ್ಸಿ ಅಟ್ರಜಿನ್. ಮಣ್ಣಿನಲ್ಲಿ ಮದ್ದಿನ ಕ್ಷಯವು ಮೊದಲು ಕಡಿದಾಗಿ ಇಳಿದು, ಆಮೇಲೆ ಬಾಲದಂತೆ ನೀಳವಾಗಿ ಎಳೆಯುತ್ತದೆ. ಜೇಡಿಯ ಬಿರುಕುಗಳಲ್ಲಿಯೂ ಹ್ಯೂಮಸ್ಸಿನ ಒಳಮಡಿಕೆಗಳಲ್ಲಿಯೂ ಸೇರಿಕೊಂಡ ಭಾಗಕ್ಕೆ ಮೊದಲ ತಿಂಗಳಿನ ವೇಗವು ಅನ್ವಯಿಸುವುದಿಲ್ಲ. ಆ ಬಾಲದಿಂದ ಬೆಳೆಗೆ ಹಾನಿಯಿಲ್ಲದಿರಬಹುದು. ಅದು ಬೇರೆ ಮಾತು. ಒಂದು ಸಂಖ್ಯೆಯಿಂದ ಇಡೀ ವಕ್ರರೇಖೆಯನ್ನು ಎಳೆಯಲಾಗದೆಂಬುದಷ್ಟೇ ಇಲ್ಲಿನ ವಾದ.

ಅಲ್ಲದೆ, ಅರ್ಧವೇ ಏಕೆ? ಕ್ಲೋರ್‌ಸಲ್ಫ್ಯೂರಾನಿನಂತಹ ಮದ್ದಿನಲ್ಲಿ, ಹಾಕಿದುದರ ನೂರರಲ್ಲೊಂದು ಭಾಗ ಉಳಿದರೂ ಚನ್ನಂಗಿಯ ಬೇರು ಕುಂಠಿತವಾಗಬಹುದು. ಮಣ್ಣಿನ ನೂರು ಕೋಟಿ ಭಾಗಕ್ಕೆ ಒಂದು ಭಾಗಕ್ಕಿಂತಲೂ ಕಡಮೆಯಿದ್ದರೂ ಅದಕ್ಕೆ ತಿಳಿಯುತ್ತದೆ. ಪಟ್ಟಿಯ 40 ದಿನಗಳನ್ನೇ ಒಪ್ಪಿಕೊಂಡು ಲೆಕ್ಕಹಾಕಿದರೂ ನೂರರಲ್ಲೊಂದು ಭಾಗಕ್ಕೆ ಇಳಿಯಲು ಒಂಬತ್ತು ತಿಂಗಳು ಬೇಕು. ‘ನಲವತ್ತು ದಿನ’ ಎಂದು ಕೇಳಿದ ರೈತನ ಮನಸ್ಸಿಗೆ ಒಂಬತ್ತು ತಿಂಗಳ ಭಾವನೆ ಬರಲು ಸಾಧ್ಯವೆ?

ಮತ್ತೊಂದು ಗೊಂದಲವಿದೆ. ಬಯಲಿನಲ್ಲಿ ಅಳೆದ ಅರ್ಧಾಯುವೆಂಬುದು ಅರ್ಧ ನಾಶವಾದ ಕಾಲವಲ್ಲ, ಅರ್ಧ ಕಾಣದಾದ ಕಾಲ. ಕಾಣದಾದುದು ಆವಿಯಾಗಿ ಹೋಗಿರಬಹುದು, ಮಳೆಯೊಡನೆ ಹಳ್ಳ ಸೇರಿರಬಹುದು, ಬಾವಿಗೆ ಇಳಿದಿರಬಹುದು. ಜರ್ಮನಿ ಅಟ್ರಜಿನ್ನನ್ನು 1991ರಲ್ಲಿಯೇ ನಿಷೇಧಿಸಿದರೂ ಅಲ್ಲಿನ ಅಂತರ್ಜಲದಲ್ಲಿ ಅದೂ ಅದರ ವಿಭಜಿತ ದ್ರವ್ಯಗಳೂ ದಶಕಗಳ ಅನಂತರವೂ ಸಿಕ್ಕಿವೆ. ಆಳದಲ್ಲಿ ಅದನ್ನು ತಿನ್ನುವ ಜೀವಿಗಳು ವಿರಳ. ವಿಪರ್ಯಾಸವೆಂದರೆ, ಅಂತರ್ಜಲಕ್ಕೆ ಇಳಿಯುವ ಸಂಭವವನ್ನು ಅಳೆಯಲು ಗಸ್ಟಾಫ್‌ಸನ್ ಎಂಬವರು 1989ರಲ್ಲಿ ಸೂಚಿಸಿದ, ಇಂದಿಗೂ ಪಾಠದಲ್ಲಿರುವ ಸೂಚ್ಯಂಕವು ಇದೇ ಅರ್ಧಾಯುವಿನ ಮೇಲೆ ನಿಂತಿದೆ. ಅರ್ಧಾಯುವಿನ ಲಾಗರಿತಮನ್ನು, ನಾಲ್ಕರಿಂದ ಅಧಿಶೋಷಣಾಂಕದ ಲಾಗರಿತಮನ್ನು ಕಳೆದು ಬಂದುದರಿಂದ ಗುಣಿಸಬೇಕು. ಬಂದ ಸಂಖ್ಯೆ 2.8ಕ್ಕಿಂತ ಹೆಚ್ಚಾದರೆ ಆ ದ್ರವ್ಯ ಇಳಿಯತಕ್ಕದ್ದು, 1.8ಕ್ಕಿಂತ ಕಡಮೆಯಾದರೆ ಇಳಿಯದ್ದು, ನಡುವಿನದು ಸಂದಿಗ್ಧ. ಅಟ್ರಜಿನ್ನಿನ ಅಧಿಶೋಷಣಾಂಕವನ್ನು 100 ಎಂದು ಪಟ್ಟಿಯಂತೆಯೇ ಇಟ್ಟುಕೊಂಡು ಮಾಡಿ ನೋಡಿದೆವು. ಅರ್ಧಾಯು 60 ದಿನವಾದರೆ ಸೂಚ್ಯಂಕ 3.56, ಅಟ್ರಜಿನ್ ಅಂತರ್ಜಲದ ಶತ್ರು. 10 ದಿನವಾದರೆ 2.0, ಸಂದಿಗ್ಧ. ರೂಢಿಬಿದ್ದ ಹೊಲದ 6 ದಿನವಾದರೆ 1.56, ಅದೇ ಅಟ್ರಜಿನ್ ಸಾಧು. ಮೂರು ತೀರ್ಪುಗಳೂ ಒಂದೇ ಆರೋಪಿಯ ಮೇಲೆ!

ಉಷ್ಣತೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಆರ್ಥಿಕ ಸಹಕಾರ ಸಂಸ್ಥೆಯೆಂದು ನಾವು ಕರೆಯುವ ಓಇಸಿಡಿ 2002ರಲ್ಲಿ ಅಂಗೀಕರಿಸಿದ ಪರೀಕ್ಷಾವಿಧಾನವು ಜರಡಿಹಿಡಿದ ಮಣ್ಣನ್ನು ತೇವವಾಗಿ, ಸಾಮಾನ್ಯವಾಗಿ 20 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ, ಕತ್ತಲೆಯಲ್ಲಿ ಇರಿಸಿ ಅಳೆಯಲು ಹೇಳುತ್ತದೆ. ಹತ್ತು ಡಿಗ್ರಿ ಏರಿದರೆ ವೇಗವು 2.58 ಪಟ್ಟಾಗುವುದೆಂದು ಯುರೋಪಿನ ಆಹಾರಸುರಕ್ಷಾ ಪ್ರಾಧಿಕಾರವು 2007ರಿಂದ ಲೆಕ್ಕ ಹಿಡಿದಿದೆ. ಅದರಂತೆ 20 ಡಿಗ್ರಿಯಲ್ಲಿ 60 ದಿನವಿದ್ದುದು 30 ಡಿಗ್ರಿಯಲ್ಲಿ 23 ದಿನವಾಗಬೇಕು. ಹಾಗೆಂದು ನಮ್ಮ ಪುಸ್ತಕಗಳಲ್ಲಿ 60ನ್ನು ಅಳಿಸಿ 23 ಎಂದು ಬರೆದರೆ ಹಳೆಯ ತಪ್ಪನ್ನು ಹೊಸ ಅಂಕಿಯಲ್ಲಿ ಮಾಡಿದಂತಾಯಿತು. ನಮ್ಮ ಒಣಬೇಸಾಯದ ನೆಲದಲ್ಲಿ ಉಷ್ಣತೆಯಿದ್ದಾಗ ತೇವವಿರುವುದಿಲ್ಲ. ತೇವವಿಲ್ಲದೆ ಸೂಕ್ಷ್ಮಜೀವಿ ಕೆಲಸಮಾಡುವುದಿಲ್ಲ. ಮಾರ್ಚಿಯಿಂದ ಮೇ ವರೆಗಿನ ದಿನಗಳನ್ನು ಮಣ್ಣಿನ ಪಂಚಾಂಗದಲ್ಲಿ ದಿನಗಳೆಂದು ಎಣಿಸಬೇಕೋ ಬಿಡಬೇಕೋ ಎಂಬುದನ್ನು ಮಳೆಯೇ ಹೇಳಬೇಕು.

ಹಾಗಾದರೆ ಆ ಅಂಕಣದಲ್ಲಿ ಏನು ಬರೆಯಬೇಕು? ಸಂಖ್ಯೆಯನ್ನು ಬರೆಯಬಾರದೆಂದು ನಾವು ಹೇಳುತ್ತಿಲ್ಲ. ಕನಿಷ್ಠ ಗರಿಷ್ಠಗಳೆರಡನ್ನೂ ಬರೆಯಲಿ. ಅವು ಸಿಕ್ಕಿದ ಮಣ್ಣಿನ ಪಿ.ಎಚ್., ಜೇಡಿ, ಸೇಂದ್ರಿಯ ಇಂಗಾಲ, ಉಷ್ಣತೆ, ತೇವ, ಆಳ, ಅದೇ ಮದ್ದು ಹಿಂದೆ ಬಿದ್ದಿತ್ತೆ ಎಂಬ ಚರಿತ್ರೆ, ಇವುಗಳನ್ನು ಕೂಡಿಸಿ ಬರೆಯಲಿ. ನಾಶವಾಗುವ ದಾರಿಯನ್ನು ಒಂದು ಮಾತಿನಲ್ಲಿ ಹೇಳಲಿ: ‘ಆಮ್ಲದಲ್ಲಿ ಜಲವಿಭಜನೆ’, ‘ಸೂಕ್ಷ್ಮಜೀವಿಯಿಂದ’, ‘ಜೇಡಿಯಲ್ಲಿ ಬಂಧನ’. ಈ ಒಂದು ಮಾತು ವಿದ್ಯಾರ್ಥಿಗೆ ಹತ್ತು ಅಂಕಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಕೆಂದರೆ ತಾನು ಕಂಡ ಮಣ್ಣಿನಲ್ಲಿ ಏನಾಗಬಹುದೆಂದು ಅವನು ತಾನೇ ಊಹಿಸಬಲ್ಲ. ಪ್ರಶ್ನೆಪತ್ರಿಕೆಯಲ್ಲಿಯೂ ಅರ್ಧಾಯು ಎಷ್ಟೆಂದು ಕೇಳುವ ಬದಲು, ಪಿ.ಎಚ್. 8.2 ಇರುವ ಎರೆಮಣ್ಣಿನಲ್ಲಿ ಮೆಟ್‌ಸಲ್ಫ್ಯೂರಾನ್ ಬೇಗ ಹೋಗುವುದೋ ತಡವಾಗಿಯೋ, ಏಕೆ, ಎಂದು ಕೇಳಬಹುದು.

ಹೊಲದ ಪ್ರಶ್ನೆಗೆ ಉತ್ತರವು ಕಾಲೇಜಿನ ಅಂಗಳದಲ್ಲಿಯೇ ಸಿಕ್ಕುತ್ತದೆ. ಅದಕ್ಕೆ ಬೆಲೆಬಾಳುವ ಯಂತ್ರವೂ ಬೇಕಿಲ್ಲ. ಮದ್ದು ಬಿದ್ದ ಹೊಲದ ಹತ್ತಾರು ಕಡೆಗಳಿಂದ ಗೇಣುದ್ದದ ಮೇಲ್ಮಣ್ಣನ್ನು ತೆಗೆದು ಬೆರೆಸಬೇಕು; ಬದುವಿನಂತಹ, ಮದ್ದು ಬೀಳದ, ಅದೇ ಬಗೆಯ ಮಣ್ಣನ್ನು ಬೇರೆಯಾಗಿ ತರಬೇಕು. ಬಿಸಿಲಿಗೆ ಹಾಕಿ ಒಣಗಿಸಬಾರದು. ಎರಡನ್ನೂ ಕುಂಡಗಳಲ್ಲಿ ತುಂಬಿ, ಮುಂದೆ ಬಿತ್ತಲಿರುವ ಬೆಳೆಯ ಬೀಜವನ್ನೂ, ಜೊತೆಗೆ ಸೌತೆ ಸಾಸಿವೆಗಳಂತಹ ಸೂಕ್ಷ್ಮಸಸ್ಯದ ಬೀಜವನ್ನೂ ಹಾಕಿ, ಎರಡಕ್ಕೂ ಒಂದೇ ಸಮನಾಗಿ ನೀರು ಕೊಡಬೇಕು. ಮೂರನೆಯ ಸಾಲಿನ ಕುಂಡಗಳಲ್ಲಿ ಮದ್ದು ಬಿದ್ದ ಮಣ್ಣಿಗೇ ಸ್ವಲ್ಪ ಕ್ರಿಯಾಶೀಲ ಇದ್ದಿಲಿನ ಪುಡಿಯನ್ನು ಬೆರೆಸಿಟ್ಟರೆ ಇನ್ನೂ ಒಳ್ಳೆಯದು; ಬಹುಪಾಲು ಕಳೆನಾಶಕಗಳನ್ನು ಇದ್ದಿಲು ಹೀರಿಕೊಳ್ಳುವುದರಿಂದ, ಅಲ್ಲಿ ಗಿಡ ಚೇತರಿಸಿಕೊಂಡು ಮೊದಲನೆಯ ಸಾಲಿನಲ್ಲಿ ಮುರುಟಿದರೆ ದೋಷ ಮದ್ದಿನದೇ ಹೊರತು ಮಣ್ಣಿನ ಬಡತನದ್ದಲ್ಲ. ಎರಡು ಮೂರು ವಾರಗಳಲ್ಲಿ ಗಿಡಗಳನ್ನು ಕಿತ್ತು ತೊಳೆದು, ಬೇರಿನ ಉದ್ದವನ್ನು ಅಳತೆಪಟ್ಟಿಯಲ್ಲಿ ಅಳೆದು ಬರೆದುಕೊಳ್ಳಬೇಕು. ಸೋಯಾ ಕೊಯ್ಲಿಗೆ ಮೂರು ವಾರ ಮೊದಲೇ ಈ ಕುಂಡಗಳನ್ನು ಇಟ್ಟರೆ, ಹಿಂಗಾರಿನ ಬಿತ್ತನೆಗೆ ಕೂರಿಗೆ ಹೂಡುವ ಹೊತ್ತಿಗೆ ಬೇರುಗಳು ಅಳತೆಗೆ ಸಿದ್ಧವಾಗಿರುತ್ತವೆ.